ಗುರುತು ಕೂಡಿದರೂ ಕೂಡದ ಟೈಮಿಂಗ್: ಹಳೆಯ ಬುಲೆಟ್ ಇಂಜಿನ್ನಿನ ಕ್ಯಾಮ್ ಪರೀಕ್ಷೆ

ನಾನು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನವನು. ನಮ್ಮ ತಾಲೂಕಿನ ಪೂರ್ವ ಭಾಗದಲ್ಲಿ, ಉಮದಿ, ಸಂಖ ಕಡೆಗೆ, ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಗ್ಯಾರೇಜಿನ ಮಾತು ಮಾತ್ರ ಎರಡೂ ಸೇರಿದ ಮೂರನೆಯದು. ಹಾಗಾಗಿ ಈ ಪ್ರಬಂಧದಲ್ಲಿ ‘ಕವಾಟ’, ‘ನಾಭಿ’ ಅನ್ನುವ ಪಠ್ಯಪುಸ್ತಕದ ಪದಗಳನ್ನ ಬಳಸಿಲ್ಲ. ವಾಲ್ವು, ಪಿನಿಯನ್, ಪಾಯಿಂಟ್ ಅಂತಲೇ ಹೇಳ್ತೀನಿ.

ಯಂತ್ರ ಯಾವುದು ಅಂದ್ರೆ, ಎರಕದ ಕಬ್ಬಿಣದ ಬೋರ್ ಇರುವ ಹಳೆಯ 350 ಬುಲೆಟ್. ಇಂಗ್ಲೆಂಡಿನ ರೆಡಿಚ್‌ನಲ್ಲಿ ರೂಪಗೊಂಡದ್ದು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದ ಮೇಲೆ ಇಲ್ಲಿಯದೇ ಆಯಿತು. ಬೋರು 70 ಮಿ.ಮೀ., ಸ್ಟ್ರೋಕು 90 ಮಿ.ಮೀ., ಲೆಕ್ಕ ಹಾಕಿದರೆ 346 ಸಿ.ಸಿ. ಬಲಗಡೆಯ ಟೈಮಿಂಗ್ ಕವರ್ ತೆಗೆದರೆ ಕ್ರ್ಯಾಂಕಿನ ತುದಿಯಲ್ಲಿ ಒಂದು ಸಣ್ಣ ಪಿನಿಯನ್, ಇನ್‌ಲೆಟ್‌ಗೆ ಒಂದು, ಎಕ್ಸಾಸ್ಟ್‌ಗೆ ಒಂದು ಹೀಗೆ ಎರಡು ಕ್ಯಾಮ್ ಗೇರು ಕಾಣುತ್ತವೆ. ಪಾಯಿಂಟ್ ತಿರುಗಿಸುವ ಗೇರುಗಳೂ ಇದೇ ಸಾಲಿನಲ್ಲಿವೆ. ಇದನ್ನ ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಕ್ಯಾಮು ಒಂದು ಸುತ್ತು. ಗೇರು ಕೂಡಿಸುವಾಗ ಒಂದು ಹಲ್ಲು ತಪ್ಪಿದರೆ ಏನಾಗುತ್ತದೆ? ಪಿನಿಯನ್ನಿಗೆ 24 ಹಲ್ಲು ಅಂದುಕೊಳ್ಳಿ. 360ನ್ನು 24ರಿಂದ ಭಾಗಿಸಿ. ಕ್ರ್ಯಾಂಕಿನ ಲೆಕ್ಕದಲ್ಲಿ ಪೂರಾ 15 ಡಿಗ್ರಿ. ಎರಡು ಹಲ್ಲಾದರೆ 30. ಏಳೂವರೆ ಅನ್ನೋದು ಬರೋದೇ ಇಲ್ಲ, ಯಾಕಂದ್ರೆ ಅರ್ಧ ಹಲ್ಲು ಅನ್ನೋದಿಲ್ಲ. ನನ್ನ ವಾದ ಪೂರ್ತಿ ಈ ಸಣ್ಣ ಮಾತಿನ ಮೇಲೆ ನಿಂತಿದೆ.

ಪ್ರಕರಣ ಹೇಳ್ತೀನಿ. ಸಂಖ ಭಾಗದ ಒಬ್ಬ ದ್ರಾಕ್ಷಿ ಬೆಳೆಗಾರರ ಗಾಡಿ. ಅವರ ತಂದೆಯ ಕಾಲದ್ದು, ಮಾರುವ ಮಾತೇ ಇಲ್ಲ. ಇಂಜಿನ್ ಪೂರ್ತಿ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿದ್ದರು. ಕೂಡಿಸಿದ ಮೇಲೆ ಗಾಡಿ ಏರು ಎಳೆಯದು, ಕಾರ್ಬೋರೇಟರಿನಿಂದ ಉಗುಳುತ್ತದೆ, ಒಮ್ಮೊಮ್ಮೆ ಕಿಕ್ ವಾಪಸ್ ಹೊಡೆಯುತ್ತದೆ. ಬುಲೆಟ್ಟಿನ ಕಿಕ್ ವಾಪಸ್ ಬಂದರೆ ಏನಾಗುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು. ಅವರ ಹಿಂಗಾಲು ಊದಿಕೊಂಡು ನಾಲ್ಕು ದಿನ ತೋಟಕ್ಕೆ ಇಳಿದಿರಲಿಲ್ಲ. ಮಿಸ್ತ್ರಿ ಜೆಟ್ ಬದಲಿಸಿದ್ದ, ಪಾಯಿಂಟ್ ಮೂರು ಸಲ ಹೊಂದಿಸಿದ್ದ. ಹೊಂದಿಸಿದ ದಿನ ಗಾಡಿ ಚಲೋ, ವಾರ ಕಳೆದರೆ ಮತ್ತೆ ಅದೇ ಹಾಡು. ಕಡೆಗೆ ಹೊಸ ಹೆಡ್, ಹೊಸ ಕ್ಯಾಮ್ ತರಬೇಕು ಅನ್ನುವ ಮಾತು ಬಂತು. ಬರದ ತಾಲೂಕಿನಲ್ಲಿ ಅದು ಸಣ್ಣ ಖರ್ಚಲ್ಲ.

ಕ್ಯಾಮ್ ಟೈಮಿಂಗ್ ಸಂಶಯ ಬಂದಾಗ ನಾನು ಕೇಳಿದ್ದಕ್ಕೆ ಮಿಸ್ತ್ರಿ ಹೇಳಿದ್ದು: “ಗುರ್ತಕ್ಕ ಗುರ್ತ ಕೂಡ್ಯಾವಲ್ರೀ ಸರ, ಇನ್ನೇನ್ ನೋಡ್ತೀರಿ?” ಕವರ್ ತೆಗೆದು ತೋರಿಸಿದ. ಹೌದು, ಚುಕ್ಕೆಗೆ ಚುಕ್ಕೆ ಕೂಡಿದ್ದವು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಚುಕ್ಕೆ ಹೇಳುವುದು ಗೇರಿಗೂ ಗೇರಿಗೂ ಇರುವ ಸಂಬಂಧ ಮಾತ್ರ. ಪಿಸ್ಟನ್ ಎಲ್ಲಿದೆ ಅನ್ನೋದನ್ನ ಚುಕ್ಕೆ ಹೇಳುವುದಿಲ್ಲ.

ಮೊದಲು ಬೇರೆ ಕಾರಣಗಳನ್ನ ಕಳೆಯಬೇಕು. ಕಂಪ್ರೆಷನ್ ಗೇಜು ಕಡಿಮೆ ತೋರಿಸಿತು. ಪ್ಲಗ್ಗಿನ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಅಂಕಿ ಏರಲಿಲ್ಲ. ಏರಿದ್ದರೆ ರಿಂಗು. ಏರಲಿಲ್ಲ ಅಂದ್ರೆ ವಾಲ್ವು ಸೋರುತ್ತಿದೆ, ಇಲ್ಲವೇ ಇನ್‌ಲೆಟ್ ವಾಲ್ವು ತಡವಾಗಿ ಮುಚ್ಚುತ್ತಿದೆ. ತಡವಾಗಿ ಮುಚ್ಚಿದರೆ ಪಿಸ್ಟನ್ ಮೇಲೇರುವಾಗ ಒಳಗೆ ಬಂದ ಗಾಳಿ-ಪೆಟ್ರೋಲನ್ನೇ ವಾಪಸ್ ತಳ್ಳುತ್ತದೆ. ಕಾರ್ಬೋರೇಟರು ಉಗುಳುವುದು, ನಿಧಾನ ಓಟದಲ್ಲಿ ಬಲ ಇಲ್ಲದಿರುವುದು ಎರಡಕ್ಕೂ ಇದು ಕಾರಣ ಆಗಬಹುದು. ಕ್ಯಾಮು ಮುಂದಾಗಿದ್ದರೆ ಚಿತ್ರ ತಿರುವು-ಮುರುವು: ಕೆಳಗೆ ಎಳೆತ ಚೆನ್ನಾಗಿರುತ್ತದೆ, ವೇಗದಲ್ಲಿ ಉಸಿರು ಕಟ್ಟುತ್ತದೆ. ಟ್ಯಾಪೆಟ್ ಕೂಡ ನೋಡಿಕೊಂಡೆವು: ತಣ್ಣಗಿದ್ದಾಗ, ಕಂಪ್ರೆಷನ್ನಿನ ಟಾಪಿನಲ್ಲಿ, ಪುಶ್‌ರಾಡು ಬೆರಳಲ್ಲಿ ಸರಾಗ ತಿರುಗಬೇಕು, ಮೇಲೆ-ಕೆಳಗೆ ಅಲ್ಲಾಡಬಾರದು. ಸರಿ ಇತ್ತು.

ಈಗ ಅಳತೆ. ಶಾಲೆಯ ಎರಡು ಕೋನಮಾಪಕ ಜೋಡಿಸಿ, ಡಬ್ಬಿಯ ತಗಡಿನ ಮುಚ್ಚಳಕ್ಕೆ ಅಂಟಿಸಿದರೆ ಡಿಗ್ರಿ ಚಕ್ರ ಸಿದ್ಧ. ಅದನ್ನ ಕ್ರ್ಯಾಂಕಿನ ಎಡ ತುದಿಗೆ ಕಟ್ಟಿದೆವು, ಟೈಮಿಂಗ್ ಗೇರಿನ ಕಡೆಗಲ್ಲ. ಸಂಶಯ ಇರುವ ಗೇರಿನ ಮೇಲೆಯೇ ಚಕ್ರ ಕೂಡಿಸಿದರೆ ಕಳ್ಳನನ್ನೇ ಕಾವಲಿಗಿಟ್ಟಂತೆ. ತಂತಿಯ ತುಂಡೇ ಮುಳ್ಳು.

ನಿಜವಾದ ಟಾಪ್ ಹುಡುಕುವುದು ಎಲ್ಲಕ್ಕಿಂತ ಮುಖ್ಯ. ಪ್ಲಗ್ಗಿನ ತೂತಿನಲ್ಲಿ ಸ್ಕ್ರೂಡ್ರೈವರ್ ಇಳಿಸಿ ಅಂದಾಜು ಮಾಡಿದರೆ ಸಾಲದು. ತುದಿಯಲ್ಲಿ ಪಿಸ್ಟನ್ ಕೆಲವು ಡಿಗ್ರಿವರೆಗೆ ಅಲುಗಿದಂತೆಯೇ ಕಾಣುವುದಿಲ್ಲ. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು, ಅದರಲ್ಲಿ ಬೋಲ್ಟು ಕೂಡಿಸಿ ತಡೆ ಮಾಡಿ. ಕ್ರ್ಯಾಂಕನ್ನ ಕೈಯಿಂದ ಮೆಲ್ಲಗೆ ಮುಂದಕ್ಕೆ ತಿರುಗಿಸಿ, ತಾಗಿದಲ್ಲಿ ಅಂಕಿ ಬರೆಯಿರಿ. ಹಿಂದಕ್ಕೆ ತಿರುಗಿಸಿ, ತಾಗಿದಲ್ಲಿ ಮತ್ತೆ ಬರೆಯಿರಿ. ಒಂದು ಕಡೆ 22, ಇನ್ನೊಂದು ಕಡೆ 18 ಬಂದರೆ ಸೊನ್ನೆ 2 ಡಿಗ್ರಿ ಸರಿದಿದೆ ಅಂತ ಅರ್ಥ. ಮುಳ್ಳನ್ನ ಬಗ್ಗಿಸಿ ಎರಡೂ ಕಡೆ 20 ಮಾಡಿ.

ಮುಂದೆ ವಾಲ್ವಿನ ಮೇಲೆ ಡಯಲ್ ಗೇಜು. ವಾಲ್ವು ತೆರೆಯುವ ಕ್ಷಣ ಹಿಡಿಯುವುದು ಕಷ್ಟ, ಅಲ್ಲಿ ಕ್ಯಾಮಿನ ಏರು ಬಹಳ ಮೆಲ್ಲಗಿರುತ್ತದೆ. ಅದಕ್ಕೆ ಪೂರ್ತಿ ಎತ್ತಿದ ಸ್ಥಾನಕ್ಕಿಂತ 1 ಮಿ.ಮೀ. ಕಡಿಮೆ ಇರುವ ಎರಡು ಅಂಕಿ ತೆಗೆದುಕೊಂಡು, ಸರಾಸರಿ ಮಾಡಿ, ನಡುಬಿಂದು ಹಿಡಿಯಬೇಕು. ಈ ಅಳತೆಯಲ್ಲಿ ಓಡುವ ದಿಕ್ಕಿಗೇ ತಿರುಗಿಸಬೇಕು, ಇಲ್ಲದಿದ್ದರೆ ಹಲ್ಲುಗಳ ಸಡಿಲು ಅಂಕಿಯೊಳಗೆ ಸೇರಿಕೊಳ್ಳುತ್ತದೆ. ಹೋಲಿಸಲು ನಾವು ಹಿಡಿದ ಟೈಮಿಂಗು ಇದು: ಇನ್‌ಲೆಟ್ ಟಾಪಿಗಿಂತ 30 ಡಿಗ್ರಿ ಮುಂಚೆ ತೆರೆದು, ಕೆಳತುದಿ ದಾಟಿ 60ಕ್ಕೆ ಮುಚ್ಚಬೇಕು. ಒಟ್ಟು 30, 180, 60 ಸೇರಿ 270. ಅರ್ಧ 135, ಅದರಲ್ಲಿ 30 ಕಳೆದರೆ ನಡುಬಿಂದು ಟಾಪಿನ ನಂತರ 105. ಎಕ್ಸಾಸ್ಟ್ 75ಕ್ಕೆ ತೆರೆದು 35ಕ್ಕೆ ಮುಚ್ಚಿದರೆ ಒಟ್ಟು 290, ನಡುಬಿಂದು ಟಾಪಿಗಿಂತ 110 ಮುಂಚೆ.

ನಮಗೆ ಸಿಕ್ಕಿದ್ದು 112 ಮತ್ತು 103. ಎರಡೂ 7 ಡಿಗ್ರಿ ತಡ.

ಇಲ್ಲಿ ಸ್ವಲ್ಪ ನಿಲ್ಲೋಣ. ಎರಡೂ ಕ್ಯಾಮು ಒಂದೇ ಅಳತೆಯಲ್ಲಿ ತಡ ಅಂದ್ರೆ ದೋಷ ಎರಡಕ್ಕಿಂತ ಹಿಂದಿನ ಜಾಗದಲ್ಲಿದೆ. 7 ಡಿಗ್ರಿ ಒಂದು ಹಲ್ಲಿಗಿಂತ ಕಡಿಮೆ, ಅಂದ್ರೆ ಹಲ್ಲು ತಪ್ಪಿಲ್ಲ. ಉಳಿದದ್ದು ಒಂದೇ ಜಾಗ: ಪಿನಿಯನ್ನನ್ನು ಕ್ರ್ಯಾಂಕಿಗೆ ಹಿಡಿದಿಡುವ ಕೀ. ಚಾವಿಯಲ್ಲ, ಉಗುರಿನಷ್ಟು ಉಕ್ಕಿನ ತುಂಡು. ಪಿನಿಯನ್ನಿನ ಮುಂದಿನ ವರ್ಮ್ ನಟ್ಟು, ಆಯಿಲ್ ಪಂಪ್ ತಿರುಗಿಸುವುದು, ಉಲ್ಟಾ ಥ್ರೆಡ್ಡಿನದು. ಗೊತ್ತಿಲ್ಲದೆ ಪಾನಾ ಹಾಕಿ ಜಗ್ಗಿದರೆ ಬಿಗಿ ಆಗುತ್ತಾ ಹೋಗಿ ಮುರಿಯುತ್ತದೆ. ಬಿಚ್ಚಿ ನೋಡಿದಾಗ ಕೀ ಅರ್ಧ ಕತ್ತರಿಸಿ ಮೆಟ್ಟಿಲಿನಂತಾಗಿತ್ತು. ಶಾಫ್ಟು 20 ಮಿ.ಮೀ. ದಪ್ಪ ಅಂದುಕೊಂಡರೆ 7 ಡಿಗ್ರಿಗೆ ಬೇಕಾದ ಜರುಗು ಸುಮಾರು 1.2 ಮಿ.ಮೀ. ಅಷ್ಟೇ.

ವಾರಕ್ಕೊಮ್ಮೆ ಪಾಯಿಂಟ್ ಕೆಡುತ್ತಿದ್ದುದಕ್ಕೂ ಇಲ್ಲೇ ಉತ್ತರ ಇದೆ. ಪಾಯಿಂಟ್ ಕೂಡ ಇದೇ ಗೇರಿನ ಸಾಲಿನದು. ಪಿನಿಯನ್ನನ್ನು ಹಿಡಿದಿದ್ದು ನಟ್ಟಿನ ಬಿಗಿ ಮಾತ್ರ. ವಾಲ್ವು ತೆರೆಯುವಾಗ ಸ್ಪ್ರಿಂಗು ಗೇರನ್ನ ಹಿಂದಕ್ಕೆ ತಳ್ಳುತ್ತದೆ, ಮುಚ್ಚುವಾಗ ಮುಂದಕ್ಕೆ ದೂಡುತ್ತದೆ. ಹೀಗೆ ತೂಗಾಡಿ ಪಿನಿಯನ್ ಅತ್ತಿತ್ತ ಜರುಗುತ್ತಿತ್ತು. ಹಿಂದಕ್ಕೆ ಜರುಗಿದ ಸ್ಥಿತಿಯಲ್ಲಿ ಪಾಯಿಂಟ್ ಹೊಂದಿಸಿದರೆ, ಅದು ಮುಂದಕ್ಕೆ ಸರಿದ ದಿನ ಕಿಡಿ ಬೇಗ ಹಾರಿ ಕಿಕ್ ವಾಪಸ್ ಬರುತ್ತದೆ. ಮಿಸ್ತ್ರಿಯ ಕೈಗುಣ ಕೆಟ್ಟಿರಲಿಲ್ಲ, ಅವನು ಹೊಂದಿಸಿದ್ದು ನಿಲ್ಲುವ ಜಾಗವೇ ಇರಲಿಲ್ಲ. ಹೊಸ ಕೀ ಹಾಕಿ, ಶಾಫ್ಟಿನ ಗಾಡಿ ಸವೆದಿಲ್ಲ ಅಂತ ನೋಡಿಕೊಂಡು, ನಟ್ಟು ಬಿಗಿದು, ಪ್ಲಗ್ ತೆಗೆದು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಎಲ್ಲೂ ತಡೆ ಇಲ್ಲದ್ದನ್ನ ಖಾತ್ರಿ ಮಾಡಿಕೊಂಡು, ಮತ್ತೆ ಅಳೆದಾಗ 105 ಮತ್ತು 109. ಆ ಒಂದು ಡಿಗ್ರಿ ನಮ್ಮ ತಗಡಿನ ಮುಚ್ಚಳದ್ದು ಅಂತ ಬಿಟ್ಟೆವು. ಹೆಡ್ಡೂ ಕ್ಯಾಮೂ ಹಳೆಯವೇ ಉಳಿದವು.

ಚಾಟಿನಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ್ದಾರೆ: ನಮ್ಮ ಮನೆಯಲ್ಲಿ ಯೆಜ್ಡಿ ಇದೆ, ಅದಕ್ಕೆ ಇದೇ ಪರೀಕ್ಷೆ ಮಾಡಬಹುದಾ? ಇಲ್ಲಮ್ಮಾ, ಮೈಸೂರಿನ ಆ ಗಾಡಿ ಎರಡು ಸ್ಟ್ರೋಕಿನದು, ಅದರಲ್ಲಿ ಕ್ಯಾಮೇ ಇಲ್ಲ. ಬೋರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನ ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಆದರೆ ಟಾಪ್ ಹುಡುಕುವ ಪ್ಲಗ್-ಬೋಲ್ಟಿನ ಉಪಾಯ ಅದಕ್ಕೂ ನಡೆಯುತ್ತದೆ, ಪಾಯಿಂಟ್ ಹೊಂದಿಸುವಾಗ ಮಾಡಿ ನೋಡಿ.