ಸ್ತನ ಕ್ಯಾನ್ಸರ್ ಚಿಕಿತ್ಸೆಯೂ ದೇಹದ ತೂಕವೂ

ಭಾರತದ ಮಹಿಳೆಯರಲ್ಲಿ ಇಂದು ಅತಿ ಹೆಚ್ಚಾಗಿ ಕಂಡುಬರುತ್ತಿರುವ ಕ್ಯಾನ್ಸರ್ ಎಂದರೆ ಸ್ತನ ಕ್ಯಾನ್ಸರ್. ವರದಹಳ್ಳಿ, ಹೊಸನಗರ, ತೀರ್ಥಹಳ್ಳಿ ಸೀಮೆಯ ತಾಯಂದಿರು ಇದರ ಚಿಕಿತ್ಸೆಗಾಗಿ ಶಿವಮೊಗ್ಗ, ಮಣಿಪಾಲ ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಿಬರುತ್ತಾರೆ. ಕಿಮೊಥೆರಪಿಯನ್ನು ಬಹುಪಾಲು ಎರಡು ಅಥವಾ ಮೂರು ವಾರಗಳಿಗೊಮ್ಮೆ ಕೊಡುವುದರಿಂದ ನಡುವಿನ ದಿನಗಳೆಲ್ಲ ಮನೆಯಲ್ಲಿಯೇ ಕಳೆಯುತ್ತವೆ. ಆಗ ತೂಕ ಏರಿದರೆ ‘ಮೈ ತುಂಬಿಕೊಂಡಿತು, ಗುಣವಾಯಿತು’ ಎಂದು ಹಿಗ್ಗುವವರೂ, ‘ಕುಳಿತು ತಿಂದು ದಪ್ಪವಾದಳು’ ಎಂದು ಆಡಿಕೊಳ್ಳುವವರೂ ಇದ್ದಾರೆ. ಎರಡೂ ತಪ್ಪು ತಿಳಿವಳಿಕೆಯೇ.

ತೂಕ ಏರುವುದೇಕೆ?

ಕ್ಯಾನ್ಸರ್ ಎಂದರೆ ಸೊರಗುವಿಕೆ ಎಂಬುದು ಸಾಮಾನ್ಯ ಭಾವನೆ. ಆದರೆ ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅನೇಕರ ತೂಕ ಕೆಲವು ಕಿಲೋಗಳಷ್ಟು ಹೆಚ್ಚುತ್ತದೆ. ವಾಂತಿ ಹಾಗೂ ಅಲರ್ಜಿ ತಡೆಯಲು ಕೊಡುವ ಸ್ಟೀರಾಯ್ಡ್ ಔಷಧ ಹಸಿವನ್ನು ಹೆಚ್ಚಿಸುತ್ತದೆ. ಕಿಮೊಥೆರಪಿಯಿಂದ ಅಂಡಾಶಯದ ಕೆಲಸ ಕುಂದಿ ಅಕಾಲದಲ್ಲಿ ಮುಟ್ಟು ನಿಲ್ಲಬಹುದು. ಆಗ ಸೊಂಟ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಅಡಿಕೆ ಸುಲಿಯುತ್ತ, ಕೊಟ್ಟಿಗೆ ನೋಡಿಕೊಳ್ಳುತ್ತ ದಿನವಿಡೀ ಓಡಾಡುತ್ತಿದ್ದ ದೇಹ ಆಯಾಸದಿಂದ ಮಲಗಿದಾಗ ಸ್ನಾಯು ಕರಗುತ್ತದೆ, ಕೊಬ್ಬು ಬೆಳೆಯುತ್ತದೆ. ಆದುದರಿಂದ ತೂಕ ಹೆಚ್ಚಿದ್ದರೂ ಶಕ್ತಿ ಕುಂದಿರಬಹುದು. ಇದು ರೋಗಿಯ ತಪ್ಪಲ್ಲ.

ಎಚ್ಚರಿಕೆಯ ಲಕ್ಷಣಗಳು

ಬಾಯಿಹುಣ್ಣು, ವಾಕರಿಕೆ, ರುಚಿಗೇಡುಗಳಿಂದ ಕೆಲವರ ತೂಕ ಇಳಿಯುವುದೂ ಉಂಟು. ಇಳಿಕೆ ಮುಂದುವರಿದರೆ ಮುಂದಿನ ಸರದಿಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಕೆಲವೇ ದಿನಗಳಲ್ಲಿ ತೂಕ ಥಟ್ಟನೆ ಏರಿ, ಕಾಲು ಊದಿ, ಏದುಸಿರು ಬಂದರೆ ಅದು ಕೊಬ್ಬಲ್ಲ, ದೇಹದಲ್ಲಿ ನಿಂತ ನೀರು. ಕೆಲವು ಔಷಧಗಳು ನೀರನ್ನು ಹಿಡಿದಿಡುತ್ತವೆ, ಕೆಲವು ಹೃದಯವನ್ನು ದುರ್ಬಲಗೊಳಿಸುತ್ತವೆ. ಆದ್ದರಿಂದ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಶಸ್ತ್ರಚಿಕಿತ್ಸೆಯಾದ ಬದಿಯ ತೋಳು ಊದಿದರೂ ತೋರಿಸಬೇಕು.

ಬಹುತೇಕ ಕಿಮೊಥೆರಪಿ ಔಷಧಗಳ ಪ್ರಮಾಣವನ್ನು ಎತ್ತರ ಮತ್ತು ತೂಕ ನೋಡಿಯೇ ಲೆಕ್ಕ ಹಾಕುತ್ತಾರೆ. ವಾರಕ್ಕೊಮ್ಮೆ, ಬೆಳಗ್ಗೆ ಒಂದೇ ತಕ್ಕಡಿಯಲ್ಲಿ ತೂಗಿ, ದಿನಾಂಕದೊಡನೆ ಬರೆದು ವೈದ್ಯರಿಗೆ ತೋರಿಸುವುದು ಉತ್ತಮ.

ಆಹಾರ, ಉಪವಾಸ, ನಡಿಗೆ

ತೂಕ ಇಳಿಸಲೆಂದು ಊಟ ಬಿಡುವುದು, ಸಕ್ಕರೆ ತಿಂದರೆ ಗಡ್ಡೆ ಬೆಳೆಯುತ್ತದೆಂದು ಅನ್ನವನ್ನೇ ತೊರೆಯುವುದು ಸಲ್ಲದು. ಕರಿದ ತಿಂಡಿ, ಸಿಹಿತಿಂಡಿ ಮಿತಗೊಳಿಸಿ, ಪ್ರತಿ ಊಟದಲ್ಲಿಯೂ ಬೇಳೆ, ಹೆಸರುಕಾಳು, ಹುರುಳಿ, ಹಾಲು, ಮೊಸರುಗಳಲ್ಲಿ ಒಂದಾದರೂ ಇರಲಿ. ಸ್ನಾಯು ಉಳಿಯುವುದು ಇವುಗಳ ಸಸಾರಜನಕದಿಂದ (ಪ್ರೋಟೀನ್). ಬಾಯಿಹುಣ್ಣಾದಾಗ ಖಾರ, ಹುಳಿ ಬಿಟ್ಟು ಬೇಳೆ ಸೇರಿಸಿದ ಮೆತ್ತನೆಯ ಗಂಜಿ ಹಿತಕರ. ವೈದ್ಯರ ಅನುಮತಿಯಿದ್ದರೆ ದಿನಕ್ಕೆ ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಿ, ಕ್ರಮೇಣ ವಾರಕ್ಕೆ 150 ನಿಮಿಷ ತಲುಪಬಹುದು. ನಾಟಿ ಔಷಧ ಸೇವಿಸುತ್ತಿದ್ದರೆ ಅದನ್ನೂ, ಅದರ ಪಥ್ಯವನ್ನೂ ವೈದ್ಯರಿಂದ ಮುಚ್ಚಿಡಬಾರದು.

ಶ್ರಾವಣ ಸೋಮವಾರ, ಶಿವರಾತ್ರಿಗಳ ಉಪವಾಸವನ್ನು ಚಿಕಿತ್ಸೆಯ ಕಾಲದಲ್ಲಿ ಬಿಟ್ಟರೆ ವ್ರತಭಂಗವಾದೀತೆಂಬ ಅಳುಕು ಹಲವು ತಾಯಂದಿರಿಗಿದೆ. ಶರಣರು ಕಾಯವನ್ನು ಪ್ರಸಾದಕಾಯವೆಂದು ಕಂಡವರು. ಇಷ್ಟಲಿಂಗ ಪೂಜೆ ಎಂದಿನಂತೆ ನಡೆಯಲಿ. ಪ್ರಸಾದವನ್ನು ಹೊತ್ತಿಗೆ ಸರಿಯಾಗಿ ಸ್ವೀಕರಿಸುವುದೂ ಆ ಪೂಜೆಯ ಭಾಗವೇ. ಮನೆಯವರು ಆಕೆಯ ದೇಹದ ಬಗ್ಗೆ ಆಡಿಕೊಳ್ಳುವುದನ್ನು ಬಿಟ್ಟು, ಅಡುಗೆಯಲ್ಲಿ ಕೈಜೋಡಿಸಿ, ಸಂಜೆಯ ನಡಿಗೆಗೆ ಜೊತೆಯಾದರೆ ಅದು ನಿಜವಾದ ದಾಸೋಹ.