ಔದಾರ್ಯವೇ ದೋಷವಾದಾಗ: ಬಿಗಿಯಾದ ಸ್ಕ್ವಿಡ್ ಪ್ರಾಕ್ಸಿ

ಕಚೇರಿ, ಕಾಲೇಜುಗಳ ಹತ್ತಾರು ಕಂಪ್ಯೂಟರ್‌ಗಳು ಒಂದೇ ಇಂಟರ್‌ನೆಟ್ ಸಂಪರ್ಕ ಹಂಚಿಕೊಳ್ಳುವಲ್ಲಿ ನಡುವೆ ನಿಂತು ಕೋರಿಕೆಯನ್ನು ಆಚೆಗೂ ಉತ್ತರವನ್ನು ಈಚೆಗೂ ಮುಟ್ಟಿಸುವ ತಂತ್ರಾಂಶವೇ ಪ್ರಾಕ್ಸಿ. ಈ ಕೆಲಸಕ್ಕೆ ಹೆಸರಾದ ಉಚಿತ ತಂತ್ರಾಂಶ ಸ್ಕ್ವಿಡ್‌ನಲ್ಲಿ ವರ್ಷಗಟ್ಟಲೆ ಅಡಗಿದ್ದ ದೋಷವೊಂದನ್ನು 2023ರ ಅಕ್ಟೋಬರ್‌ನಲ್ಲಿ 6.4 ಆವೃತ್ತಿಯ ಮೂಲಕ ಸರಿಪಡಿಸಲಾಯಿತು. ದೋಷ ಯಾವುದೆಂದರೆ, ಅತಿಯಾದ ಔದಾರ್ಯ!

ಸಾಮಾನ್ಯವಾಗಿ ಸರ್ವರ್ ತನ್ನ ಉತ್ತರದ ಒಟ್ಟು ಗಾತ್ರವನ್ನು ಮೊದಲೇ ತಿಳಿಸುತ್ತದೆ. ಉತ್ತರ ಇನ್ನೂ ಸಿದ್ಧವಾಗುತ್ತಿರುವಾಗ ಗಾತ್ರ ಹೇಳುವುದಾದರೂ ಹೇಗೆ? ಅದಕ್ಕೆಂದೇ 1997ರ ಎಚ್‌ಟಿಟಿಪಿ 1.1 ನಿಯಮಾವಳಿಯಲ್ಲಿ 'ಚಂಕ್ಡ್' ವಿಧಾನ ಬಂತು. ಊರಿನಿಂದ ಲಾರಿಯಲ್ಲಿ ಬರುವ ಮೂಟೆಗಳ ಮೇಲೆ ತೂಕ ಬರೆದಂತೆ, ಪ್ರತಿ ತುಂಡಿನ ಮುಂದೆ ಅದರ ಗಾತ್ರ. ಎಣಿಕೆ ಹದಿನಾರರ ಪದ್ಧತಿಯದು; '1ಎ' ಎಂದರೆ 26 ಬೈಟ್. ಸೊನ್ನೆ ಗಾತ್ರದ ತುಂಡು ಬಂದರೆ ಸಂದೇಶ ಮುಗಿಯಿತೆಂದು ಅರ್ಥ. ಕೋರಿಕೆಯನ್ನೂ ಹೀಗೆ ತುಂಡು ತುಂಡಾಗಿ ಕಳುಹಿಸಬಹುದು. ಗಾತ್ರ ಬರೆದ ಸಾಲಿನ ಕೊನೆಗೆ ಟೆಲಿಪ್ರಿಂಟರ್ ಕಾಲದ 'ಕ್ಯಾರೇಜ್ ರಿಟರ್ನ್', 'ಲೈನ್ ಫೀಡ್' ಎಂಬ ಎರಡು ಗುರುತುಗಳು ಜೋಡಿಯಾಗಿಯೇ ಇರಬೇಕು.

ಸ್ಕ್ವಿಡ್ ಮಾತ್ರ ಇಂಥ ಬರವಣಿಗೆಯ ತಪ್ಪುಗಳನ್ನು ಕಂಡೂ ಕಾಣದಂತೆ ಬಿಟ್ಟುಬಿಡುತ್ತಿತ್ತು. ಸ್ವೀಕರಿಸುವಾಗ ಉದಾರವಾಗಿರಿ ಎಂಬುದು ಇಂಟರ್‌ನೆಟ್ ಕಟ್ಟಿದ ಹಿರಿಯರಲ್ಲೊಬ್ಬರಾದ ಜಾನ್ ಪೋಸ್ಟೆಲ್ ಹಾಕಿಕೊಟ್ಟ ದಾರಿಯೂ ಹೌದೆನ್ನಿ. ತೊಂದರೆ ಬರುವುದು ಒಂದೇ ಸಂದೇಶವನ್ನು ಇಬ್ಬರು ಓದುವಾಗ. ಒಂದೇ ಸಂಪರ್ಕದಲ್ಲಿ ಕೋರಿಕೆಗಳು ಒಂದರ ಹಿಂದೊಂದು ಸಾಗುವುದುಂಟು. ಕೋರಿಕೆ ಇಲ್ಲಿಗೆ ಮುಗಿಯಿತೆಂದು ಪ್ರಾಕ್ಸಿ ಭಾವಿಸಿ, ಅದಕ್ಕಿಂತ ಮೊದಲೇ ಮುಗಿಯಿತೆಂದು ಆಚೆಯ ಸರ್ವರ್ ತಿಳಿದರೆ, ಉಳಿದ ಭಾಗವನ್ನು ಸರ್ವರ್ ಹೊಸ ಕೋರಿಕೆಯೆಂದೇ ಓದುತ್ತದೆ. ಕಾವಲಿನ ಫೈರ್‌ವಾಲ್‌ಗೆ ಅದು ಕಾಣುವುದೇ ಇಲ್ಲ. ಮೂಟೆಯೊಳಗೆ ಕಳ್ಳಮಾಲು ಇಟ್ಟು ನಾಕಾ ದಾಟಿಸಿದ ಹಾಗೆ! ತಂತ್ರಜ್ಞರೂ ಇದನ್ನು 'ಸ್ಮಗ್ಲಿಂಗ್' ಎಂದೇ ಕರೆಯುತ್ತಾರೆ.

ಎಚ್‌ಟಿಟಿಪಿಯ ಮಟ್ಟಿಗೆ ಸೆಟ್ಟಿಂಗ್ ಬದಲಿಸಿ ಪಾರಾಗುವ ಉಪಾಯವೂ ಇರಲಿಲ್ಲವೆಂಬುದು ಗಮನಾರ್ಹ. ತಂತ್ರಾಂಶವನ್ನೇ ನವೀಕರಿಸಬೇಕಿತ್ತು.

ತಿದ್ದುಪಡಿ ನೋಡಲು ಚಿಕ್ಕದು. ಸಾಲಿನ ಕೊನೆಗೆ ಎರಡೂ ಗುರುತುಗಳು ಇರಲೇಬೇಕು. ಇಲ್ಲವಾದರೆ ಸ್ಕ್ವಿಡ್ ಆ ಸಂದೇಶವನ್ನು ಒಪ್ಪದು. ಹಾಗೆಂದು ಹಳೆಯ ದಾಕ್ಷಿಣ್ಯ ಪೂರ್ತಿ ಹೋಗಿಲ್ಲ. ಕೆಲವು ಸರ್ವರ್‌ಗಳು ಗಾತ್ರದ ಅಂಕಿಯ ಪಕ್ಕದಲ್ಲಿ ಸುಮ್ಮನೆ ಖಾಲಿ ಜಾಗ ಬಿಡುತ್ತವೆ. ಆ ಒಂದು ತಪ್ಪಿಗೆ ಮಾತ್ರ ತಿದ್ದುಪಡಿಯಲ್ಲೂ ಕ್ಷಮೆ ಸಿಕ್ಕಿದೆ.