ಫೋಟೊದ ಹಿಂದೆ ಉಪ್ಪ ಬರೆದಿಟ್ಟ ಸಾಲ

ಉಪ್ಪನ ಮಯ್ಯಿತ್ ನಮಾಝ್‌ಗೆ ಮೊದಲು, ಎಲ್ಲ ಕಡೆ ಹೇಳುವ ಹಾಗೆ, ಹಿರಿಮಗನಾದ ನಾನು ಎದ್ದು ನಿಂತು ಹೇಳಿದ್ದೆ: “ಉಪ್ಪನಿಂದ ಯಾರಿಗಾದರೂ ಹಣ ಬರಲಿಕ್ಕಿದ್ದರೆ ಮಕ್ಕಳಾದ ನಮ್ಮಲ್ಲಿ ಹೇಳಿ.” ಯಾರೂ ಬರಲಿಲ್ಲ. ಉಪ್ಪ ಸಾಲ ಇಟ್ಟುಕೊಳ್ಳುವ ಮನುಷ್ಯ ಅಲ್ಲ ಎಂದು ಊರಿಗೇ ಗೊತ್ತಿತ್ತು. ನಮಗೂ ಸಮಾಧಾನವಾಯಿತು.

ನಲ್ವತ್ತು ದಿನ ಕಳೆದ ಮೇಲೆ ಅವರ ಕಪಾಟು ತೆರೆದೆವು. ಜಾಗದ ಪತ್ರಗಳು, ಎರಡು ಹಳೆಯ ಪಾಸ್‌ಪೋರ್ಟ್, ಎಲ್ಲದರ ಅಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಮೂರು ಫೋಟೊ. ಒಂದರಲ್ಲಿ ಮೇಲೆಲ್ಲ ಸೂಟ್‌ಕೇಸ್ ಕಟ್ಟಿದ ಬಸ್ಸು. ಇನ್ನೊಂದರಲ್ಲಿ ಮರುಭೂಮಿ, ಸಾಲು ಡೇರೆ, ನೀರಿನ ಟ್ಯಾಂಕರ್ ಎದುರು ಕ್ಯೂ. ಮೂರನೆಯದರಲ್ಲಿ ಉಪ್ಪ, ಕೆನ್ನೆ ಒಳಗೆ ಹೋಗಿ, ಗಡ್ಡ ಬೆಳೆದು, ಗುರುತೇ ಸಿಗದ ಹಾಗೆ. ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿದ ಹಿರಿಯರೊಬ್ಬರು. ಅದರ ಹಿಂದೆ ಉಪ್ಪನ ಅಕ್ಷರ: “ತಿರೂರಿನವರು. 30 ದಿನಾರ್ ಕೊಡಲಿಕ್ಕೆ ಉಂಟು.”

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತ್‌ಗೆ ನುಗ್ಗಿದಾಗ ಅಲ್ಲಿ ಸುಮಾರು 1.7 ಲಕ್ಷ ಭಾರತೀಯರಿದ್ದರು. ನಮ್ಮ ಕರಾವಳಿಯ ಬ್ಯಾರಿಗಳೂ ಇದ್ದರು. ಉಪ್ಪ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ವಿಮಾನ ನಿಲ್ದಾಣ ಮುಚ್ಚಿತು. ಉಳಿದದ್ದು ರಸ್ತೆ ಮಾತ್ರ. ಬಸ್ರಾ, ಬಗ್ದಾದ್ ದಾಟಿ ಜೋರ್ಡಾನ್ ಗಡಿ, ಅಲ್ಲಿಂದ ಅಮ್ಮಾನ್. ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ 488 ಹಾರಾಟ ನಡೆಸಿ 1.11 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಊರಿಗೆ ತಂದಿತು.

ಆಗ ನಾನು ಎರಡನೇ ಕ್ಲಾಸು. ಮನೆಯಲ್ಲಿ ಫೋನ್ ಇಲ್ಲ. ಉಮ್ಮ ಬೀಡಿ ಕಟ್ಟುತ್ತಾ ರೇಡಿಯೊ ವಾರ್ತೆಗೆ ಕಿವಿ ಕೊಟ್ಟು ಕೂರುತ್ತಿದ್ದದ್ದು ನೆನಪಿದೆ. ಒಂದು ಮುಂಜಾನೆ ಉಪ್ಪ ಬೊಂಬಾಯಿ ಬಸ್ಸಿನಿಂದ ಇಳಿದು ನಡೆದು ಬಂದರು. ಕೈಯಲ್ಲಿ ಒಂದು ಚೀಲ, ಅಷ್ಟೆ. ಆ ದಾರಿಯ ಬಗ್ಗೆ ಅವರು ನಮಗೆ ಏನೂ ಹೇಳಲಿಲ್ಲ. 2016ರಲ್ಲಿ ‘ಏರ್‌ಲಿಫ್ಟ್’ ಸಿನಿಮಾ ಬಂದಾಗ ತಮ್ಮ ಮೊಬೈಲಿನಲ್ಲಿ ತೋರಿಸಲು ಹೋದ. “ನಾನು ನೋಡಿದ್ದೇನೆ” ಎಂದು ಎದ್ದು ಹೋದರು. ಸಿನಿಮಾ ನೋಡಿದ್ದಾರೆ ಎಂದುಕೊಂಡೆವು.

ಫೋಟೊ ತೆಗೆದವರು ಪಕ್ಕದ ಊರಿನ ಕಾಕ. ಉಪ್ಪನ ಜೊತೆ ಒಂದೇ ಬಸ್ಸಿನಲ್ಲಿ ಬಂದವರು. ಈಗ ಕಣ್ಣು ಮಂಜಾಗಿದೆ. ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಬಗ್ದಾದ್‌ನಲ್ಲಿ ನಿನ್ನ ಉಪ್ಪನ ಹಣ ಇಟ್ಟ ಬ್ಯಾಗು ಹೋಯಿತು. ಗಡಿಗೆ ಹೋಗುವ ಬಸ್ಸಿಗೆ ಕೊಡಲಿಕ್ಕೆ ಏನೂ ಇರಲಿಲ್ಲ. ಇವರು ಸೊಂಟದ ಬೆಲ್ಟಿನಿಂದ ಎಣಿಸಿ ಮೂವತ್ತು ದಿನಾರ್ ಕೊಟ್ಟರು. ನಮ್ಮ ಊರಿನವರಲ್ಲ, ಪರಿಚಯವೂ ಇಲ್ಲ. ಊರಿಗೆ ಹೋಗಿ ಕೊಡು ಎಂದರು. ಅಮ್ಮಾನ್‌ನಲ್ಲಿ ಅವರು ಮೊದಲ ವಿಮಾನಕ್ಕೆ, ನಾವು ಮತ್ತಿನದಕ್ಕೆ. ಹೆಸರೇ ಕೇಳಿರಲಿಲ್ಲ ಮಗಾ, ನಾವೂ ಅವರನ್ನು ಕಾಕ ಎಂದೇ ಕರೆಯುತ್ತಿದ್ದದ್ದು.”

ಮನೆಗೆ ಬಂದು ಹೇಳಿದಾಗ ಉಮ್ಮನಿಗೆ ಒಂದು ಹಳೆಯ ವಿಷಯ ನೆನಪಾಯಿತು. ಕುವೈತ್ ಬಿಟ್ಟು ಬಂದವರಿಗೆ ವಿಶ್ವಸಂಸ್ಥೆಯ ಆಯೋಗ ಇರಾಕ್‌ನ ಎಣ್ಣೆ ಹಣದಿಂದ ಪರಿಹಾರ ಕೊಟ್ಟಿತ್ತು. ಒಬ್ಬರಿಗೆ 2,500 ಡಾಲರ್, ಬೇರೆ ಕ್ಲೇಮು ಹಾಕದವರಿಗೆ 4,000. ಉಪ್ಪನಿಗೂ ಬಂತು. ಹಣ ಕೈಗೆ ಸಿಕ್ಕ ವಾರವೇ ಕೇರಳಕ್ಕೆ ರೈಲು ಹತ್ತಿ, ಮೂರು ದಿನ ಬಿಟ್ಟು ಬಂದಿದ್ದರಂತೆ. “ವೀಸಾದ ಕೆಲಸಕ್ಕೆ ಹೋದದ್ದು ಎಂದುಕೊಂಡಿದ್ದೆ. ಬಂದವರು ಊಟವನ್ನೂ ಮಾಡದೆ ಮಲಗಿದರು” ಎಂದರು ಉಮ್ಮ. ಫೋಟೊದ ಒಂದು ಮೂಲೆ ಯಾಕೆ ಅಷ್ಟು ಸವೆದಿದೆ ಎಂದು ನನಗೆ ಆಗ ಅರ್ಥವಾಯಿತು.

ಜಾಗ ಪಾಲು ಮಾಡುವ ಮಾತು ನಡೆದಿತ್ತು. ಮೂವತ್ತೈದು ವರ್ಷದ ಸಾಲವನ್ನು ಈಗ ಯಾರು ಕೇಳುತ್ತಾರೆ ಎಂದು ಮನೆಯಲ್ಲೊಬ್ಬರು ಹೇಳಿದ್ದೂ ಉಂಟು. ಮಯ್ಯಿತ್‌ನ ಸಾಲ ತೀರದೆ ಆಸ್ತಿ ಪಾಲಿಲ್ಲ ಎಂಬುದು ಮದ್ರಸದಲ್ಲೇ ಕಲಿತ ಪಾಠ. ಉಸ್ತಾದರಲ್ಲಿ ಕೇಳಿದೆವು. “ಮೊದಲು ಸರಿಯಾಗಿ ಹುಡುಕಿ. ಅವರಿಲ್ಲದಿದ್ದರೆ ಅವರ ಮಕ್ಕಳನ್ನು ಹುಡುಕಿ. ಏನು ಮಾಡಿದರೂ ಸಿಗದಿದ್ದರೆ ಅವರ ಹೆಸರಿನಲ್ಲಿ ಸದಕ ಕೊಡಿ. ದಿನಾರ್ ಪಡೆದದ್ದನ್ನು ದಿನಾರ್ ಲೆಕ್ಕದಲ್ಲೇ ಕೊಡಿ” ಎಂದರು. ಆಗ ಒಂದು ಕುವೈತ್ ದಿನಾರ್‌ಗೆ ಸುಮಾರು 60 ರೂಪಾಯಿ. ಈಗ ಅದರ ನಾಲ್ಕು ಪಾಲಿಗಿಂತಲೂ ಹೆಚ್ಚು. ಹಣವನ್ನು ಲಕೋಟೆಯಲ್ಲಿ ತೆಗೆದಿಟ್ಟಿದ್ದೇವೆ. ರಮಝಾನ್ ಕಳೆದ ಕೂಡಲೇ ನಾನೂ ತಮ್ಮನೂ ಆ ಫೋಟೊ ಹಿಡಿದು ತಿರೂರಿಗೆ ಹೊರಡುತ್ತೇವೆ.

ಆ ಬಸ್ಸುಗಳಲ್ಲಿ ಬಂದವರು ನಮ್ಮ ಎಷ್ಟೋ ಮನೆಗಳಲ್ಲಿ ಇದ್ದಾರೆ. ಈಗ ಅವರಿಗೂ ವಯಸ್ಸಾಗಿದೆ. ಅವರು ಇರುವಾಗಲೇ ಪಕ್ಕದಲ್ಲಿ ಕೂತು ಆಲ್ಬಂ ತೆರೆಯಿರಿ. ಇದು ಯಾರು, ಎಲ್ಲಿಯವರು, ಅವರಿಂದ ನಮಗೆ ಏನಾಗಿದೆ ಎಂದು ಕೇಳಿ ಫೋಟೊದ ಹಿಂದೆ ಬರೆದಿಡಿ. ಉಪ್ಪ ಒಂದು ಸಾಲು ಬರೆದಿದ್ದರಿಂದ ನಮಗೆ ಗೊತ್ತಾಯಿತು. ನಾನು ಕೇಳಿದ್ದರೆ ಇನ್ನೂ ನಾಲ್ಕು ಸಾಲು ಸಿಗುತ್ತಿತ್ತು.

ಈಗ ಉಮ್ಮ ನಮಾಝ್ ಮುಗಿಸಿ ಕೈ ಎತ್ತುವಾಗ ಉಪ್ಪನ ಹೆಸರಿನ ಜೊತೆ “ಆ ತಿರೂರಿನವರಿಗೂ” ಎಂದು ಸೇರಿಸುತ್ತಾರೆ.